ಕಪ್‌ಗಾಗಿ ಕಪ್ಪೆ ಬೇಡ

1/8

ಮೊದಲನೇ ಫೋಟೊದಲ್ಲಿ ಮೀನು ನೋಡ್ಬೇಡಿ. ಮೀನಿನ ಬಾಯಿ ಪಕ್ಕ ದಾರದಲ್ಲಿ ನೇತಾಡ್ತಾ ಇರೋದನ್ನ ನೋಡಿ. ಅದು ಗದ್ದೆ ಕಪ್ಪೆ. ತೊಡೆಯೊಳಗೆ ಕೊಕ್ಕೆ ಹೊಕ್ಕಿದೆ. ಫೋಟೊ ತೆಗೆಯುವಾಗ ಅದಕ್ಕೆ ಇನ್ನೂ ಜೀವ ಇತ್ತು. ಹಾಕಿದವನ ಕ್ಯಾಪ್ಶನ್‌ನಲ್ಲಿ ಮೀನಿನ ತೂಕ ಇತ್ತು, ರಾಡ್ ಯಾವುದು ಅಂತ ಇತ್ತು, ರೀಲ್ ಯಾವುದು ಅಂತ ಇತ್ತು, ಬೆಂಕಿ ಇಮೋಜಿ ಸಾಲು ಸಾಲು ಇತ್ತು. ಕಪ್ಪೆ ಬಗ್ಗೆ ಒಂದಕ್ಷರ ಇಲ್ಲ.

ಅವನ ಮುಖ, ಹೆಸರು ಎರಡನ್ನೂ ಅಳಿಸಿ ಹಾಕಿದ್ದೀನಿ. ಜಗಳ ಅವನೊಬ್ಬನ ಜೊತೆ ಅಲ್ಲ. ಹುಡುಕಿಕೊಂಡು ಹೋಗಿ ಬೈಯೋದು ಬೇಡ ಮಾರಾಯ್ರೆ.

ವಿಷಯ ಇಷ್ಟು. ಮಳೆ ನಿಂತು ಕೆರೆ ನೀರು ತಿಳಿಯಾದ ಮೇಲೆ ಒಂದು ಗಾಳದ ಸ್ಪರ್ಧೆ ಮಾಡೋಣ ಅಂತ ನಮ್ಮ ಹುಡುಗರು ಹೊರಟಿದ್ದಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆಯಿಂದ ಜನ ಬರ್ತಾರೆ. ಎಂಟ್ರಿ ಫೀ ಇದೆ, ಕಪ್ ಇದೆ, ರೀಲ್ಸ್ ಅಂತೂ ಇದ್ದೇ ಇದೆ. ವಾಟ್ಸಾಪ್ ಗ್ರೂಪಿನಲ್ಲಿ ಎರಡು ವಾರದಿಂದ ಒಂದೇ ಗಲಾಟೆ: ಜೀವಂತ ಎರೆ ಹಾಕಬಹುದಾ, ಲೂರ್ ಮಾತ್ರವಾ? ಅಲ್ಲಿ ಬರೆದಿದ್ದು ನೂರು ಗುಡ್ ಮಾರ್ನಿಂಗ್ ನಡುವೆ ಕಳೆದುಹೋಗುತ್ತೆ. ಅದಕ್ಕೇ ಇಲ್ಲಿ ಬರೀತಾ ಇದ್ದೀನಿ.

ನನ್ನ ಪಕ್ಷ ಮೊದಲೇ ಹೇಳಿಬಿಡ್ತೀನಿ. ಸ್ಪರ್ಧೆಯಲ್ಲಿ ಜೀವಂತ ಎರೆ ಬೇಡ. ಕಪ್ಪೆ ಬೇಡ, ಮರಿಮೀನು ಬೇಡ, ಎರೆಹುಳವೂ ಬೇಡ. ಲೂರ್ ಮಾತ್ರ.

2/8

ಗಾಳದ ಗಂಧ ಇಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಉಳಿದವರು ಸ್ವೈಪ್ ಮಾಡಿ.

ಎರೆ ಅಂದ್ರೆ ಗಾಳಕ್ಕೆ ಸಿಕ್ಕಿಸುವ ತಿಂಡಿ. ಲೂರ್ ಅಂದ್ರೆ ತಿಂಡಿಯ ವೇಷ. ಮರದ್ದು, ರಬ್ಬರಿನದ್ದು, ತಗಡಿನದ್ದು. ಅದರಲ್ಲಿ ರುಚಿ ಇಲ್ಲ, ವಾಸನೆ ಇಲ್ಲ, ಜೀವ ಇಲ್ಲ. ಜೀವ ಇದೆ ಅಂತ ಮೀನನ್ನ ನಂಬಿಸೋದು ನಿಮ್ಮ ಮಣಿಕಟ್ಟಿನ ಕೆಲಸ.

ನಮ್ಮ ಕೆರೆಗಳಲ್ಲಿ ಎಲ್ಲರೂ ಹಿಂದೆ ಬೀಳೋದು ಮುರೆಲ್‌ಗೆ. ಕೊರಮೀನು, ಕುಚ್ಚು, ಊರಿಗೊಂದು ಹೆಸರು. ಹಾವಿನಂಥ ತಲೆ ಇರೋದ್ರಿಂದ ಇಂಗ್ಲಿಷಿನಲ್ಲಿ ಸ್ನೇಕ್‌ಹೆಡ್. ನೀರಿನ ಮೇಲೆ ಬಂದು ಗಾಳಿ ಗುಟುಕರಿಸಿ ಹೋಗೋ ಮೀನು ಇದು. ಕೆಸರು, ಜೊಂಡು, ಕಮಲದೆಲೆ ಇರೋ ಕಡೆ ಹೊಂಚು ಹಾಕಿ ಕೂತಿರುತ್ತೆ. ಕಪ್ಪೆ ಅಂದ್ರೆ ಪ್ರಾಣ. ಎಲೆಯಿಂದ ಎಲೆಗೆ ಕಪ್ಪೆ ಹಾರಿದ ತಕ್ಷಣ ಕೆಳಗಿಂದ ಒಂದು ಸ್ಫೋಟ, ನೀರು ಎರಡು ಅಡಿ ಮೇಲೆ. ನೋಡಿದವರಿಗೆ ಗೊತ್ತು ಆ ಕ್ಷಣದಲ್ಲಿ ಎದೆ ಏನಾಗುತ್ತೆ ಅಂತ.

ಅದಕ್ಕೇ ಕಪ್ಪೆ. ಹಿಂದಿನ ರಾತ್ರಿ ಟಾರ್ಚ್ ಹಿಡ್ಕೊಂಡು ಗದ್ದೆ, ಹಳ್ಳದ ಬದಿ ಹೆಕ್ಕೋದು. ತೂತು ಮಾಡಿದ ನೀರಿನ ಬಾಟಲಿಯೊಳಗೆ ಒಂದರ ಮೇಲೊಂದು ತುಂಬೋದು. ಬೆಳಿಗ್ಗೆ ಒಂದೊಂದನ್ನೇ ತೆಗೆದು ಬೆನ್ನಿಗೋ ತೊಡೆಗೋ ಕೊಕ್ಕೆ ಚುಚ್ಚೋದು. ಸಾಯೋ ಹಾಗೆ ಚುಚ್ಚಬಾರದು. ಸತ್ತರೆ ಈಜಲ್ಲ, ಈಜದಿದ್ರೆ ಮುರೆಲ್ ನೋಡಲ್ಲ. ಎಷ್ಟು ಹೊತ್ತು ಒದ್ದಾಡುತ್ತೋ ಅಷ್ಟು ಒಳ್ಳೆ ಎರೆ. ಇದನ್ನ ಕಣ್ಣೀರು ಬರಿಸೋಕೆ ಬರೀತಾ ಇಲ್ಲ, ವಿಧಾನವೇ ಹಾಗೆ.

3/8

ಕಪ್ಪೆ ಅಂದ್ರೆ ಬರೀ ಕಪ್ಪೆ ಅಂದ್ಕೊಂಡವರಿಗೆ ಎರಡನೇ ಫೋಟೊ.

ಮೊದಲ ಮಳೆಗೆ ಗದ್ದೆಯಲ್ಲಿ ಅರಿಶಿನ ಬಳಿದುಕೊಂಡ ಹಾಗೆ ಹಳದಿಯಾಗಿ, ಗಂಟಲ ಎರಡೂ ಬದಿ ನೀಲಿ ಚೀಲ ಉಬ್ಬಿಸಿ ಕೂಗುತ್ತಲ್ಲ, ಅದು ಗಂಡು ಗದ್ದೆಗಪ್ಪೆ. ಒಂದು ಕಾಲದಲ್ಲಿ ಇದರ ಕಾಲನ್ನ ಭಾರತ ಟನ್‌ಗಟ್ಟಲೆ ಹೊರದೇಶಕ್ಕೆ ಕಳಿಸ್ತಾ ಇತ್ತು. ಗದ್ದೆ ಖಾಲಿಯಾಗ್ತಾ ಬಂತು, ಕಪ್ಪೆ ತಿನ್ನಬೇಕಾಗಿದ್ದ ಹುಳ ಉಳೀತು. 1985ರಲ್ಲಿ ಇದರ ಅಂತಾರಾಷ್ಟ್ರೀಯ ವ್ಯಾಪಾರದ ಮೇಲೆ ನಿಯಂತ್ರಣ ಬಂತು. 1987ರಲ್ಲಿ ಭಾರತ ಕಪ್ಪೆ ಕಾಲಿನ ರಫ್ತನ್ನೇ ನಿಲ್ಲಿಸಿತು. ಡಾಲರ್ ಬರ್ತಿದ್ದ ವ್ಯಾಪಾರವನ್ನೇ ಸರ್ಕಾರ ಬೇಡ ಅಂದಿದೆ. ನಾವು ಅದನ್ನೇ ಒಂದು ಸ್ಟೀಲ್ ಕಪ್ಪಿಗೆ ಮಾಡ್ತಾ ಇದ್ದೀವಿ.

ಗದ್ದೆಗಪ್ಪೆ ಹೋಗ್ಲಿ, ಇನ್ನೂ ಬೇಕಾದಷ್ಟಿದೆ ಅಂತೀರಿ. ಹಳ್ಳದ ಕಪ್ಪೆ? ನಮ್ಮ ಸಿದ್ದಾಪುರದ ಕತ್ತಲೆಕಾನು ಕಡೆಯ ಹಳ್ಳಗಳಲ್ಲಿ ಒಂದು ಕಪ್ಪೆ ಇದೆ. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಅವರ ಜೊತೆಗಾರರು ಅದನ್ನ ಹೊಸ ಪ್ರಭೇದ ಅಂತ ಜಗತ್ತಿಗೆ ಪರಿಚಯಿಸಿದರು. ಹೆಸರು ಕುಂಬಾರ ಕಪ್ಪೆ. ಮೊಟ್ಟೆ ಇಟ್ಟ ಮೇಲೆ ಗಂಡು ಹಳ್ಳದ ತಳದಿಂದ ಮಣ್ಣು ತಂದು, ಮುಂಗಾಲಿನಲ್ಲಿ ಮೊಟ್ಟೆಗಳಿಗೆ ಮೆತ್ತುತ್ತೆ. ಕುಂಬಾರ ಮಡಕೆಗೆ ಮಣ್ಣು ಮೆತ್ತೋ ಹಾಗೆ. ವೈಜ್ಞಾನಿಕ ಹೆಸರಿನಲ್ಲೇ ಕನ್ನಡದ 'ಕುಂಬಾರ' ಇದೆ. ಇದು ರಾತ್ರಿ ಹೊತ್ತಿನ ಕಪ್ಪೆ, ಹಳ್ಳದ ಕಲ್ಲು ಸಂದಿಯ ಕಪ್ಪೆ.

ಈಗ ಹೇಳಿ. ರಾತ್ರಿ ಹತ್ತು ಗಂಟೆಗೆ ಟಾರ್ಚ್ ಬೆಳಕಿನಲ್ಲಿ ಹಳ್ಳದ ಬದಿ ಕಪ್ಪೆ ಹೆಕ್ಕೋನಿಗೆ ಯಾವುದು ಯಾವುದು ಅಂತ ಗೊತ್ತಾಗುತ್ತಾ? ಅವನು ನೋಡೋದು ಸೈಜ್ ಮಾತ್ರ.

ಸಾಲ್ಕಣಿಯಲ್ಲಿ 1983ರಲ್ಲಿ ಮರ ಅಪ್ಪಿಕೊಂಡ ಊರಿನವರು ನಾವು ಅಂತ ಕಾಲೇಜಿನ ಭಾಷಣದಲ್ಲಿ ವರ್ಷಕ್ಕೆ ಮೂರು ಸಲ ಹೇಳ್ತೀವಿ. ಮರಕ್ಕೆ ಚಪ್ಪಾಳೆ ಸಿಗುತ್ತೆ, ಕಪ್ಪೆಗೆ ಸಿಗಲ್ಲ, ವ್ಯತ್ಯಾಸ ಅಷ್ಟೇ ಇರ್ಬೇಕು.

4/8

ಈಗ ಗ್ರೂಪಿನಲ್ಲಿ ಬಂದ ಮಾತುಗಳಿಗೆ.

"ನಮ್ಮ ಅಜ್ಜ ಕಪ್ಪೆ ಹಾಕಿಯೇ ಹಿಡೀತಿದ್ದ."

ಹೌದು, ಹಿಡೀತಿದ್ದ. ಎಷ್ಟು ಕಪ್ಪೆಯಲ್ಲಿ? ಒಂದೋ ಎರಡೋ. ಎಂತಕ್ಕೆ? ರಾತ್ರಿ ಸಾರಿಗೆ. ಮೀನು ಸಿಕ್ಕಿದ ಮೇಲೆ ಬಿದಿರು ಕಡ್ಡಿಗೆ ತಂಗೂಸಿ ಸುತ್ತಿ ಮನೆಗೆ ಬರ್ತಿದ್ದ. ಅವನ ಕೈಯಲ್ಲಿ ಸ್ಕೋರ್ ಶೀಟ್ ಇರಲಿಲ್ಲ. ಮೂರು ಗಂಟೆಯಲ್ಲಿ ಎಷ್ಟು ಹಿಡಿದೆ ಅಂತ ಯಾರೂ ವಿಸಿಲ್ ಊದ್ತಿರಲಿಲ್ಲ. ಹೊಟ್ಟೆಗೆ ಹಿಡಿಯೋ ಅಜ್ಜನನ್ನ ಕರ್ಕೊಂಡು ಬಂದು ಕಪ್‌ಗೆ ಹಿಡಿಯೋ ಮೊಮ್ಮಗನ ಪರ ಸಾಕ್ಷಿ ಹೇಳಿಸಬೇಡಿ. ಅಜ್ಜನಿಗೆ ಅವಮಾನ.

ಮನೆಗೆ ಅಂತ ಎರೆಹುಳ ಹಾಕಿ ಕೂರೋರ ಜೊತೆ ನನಗೆ ತಕರಾರಿಲ್ಲ. ನಮ್ಮ ಮನೆಯಲ್ಲೂ ಹಾಗೇ ತರ್ತಾರೆ, ನಾನೂ ತಿಂತೀನಿ. ಇದನ್ನ ಯಾಕೆ ಹೇಳ್ತೀನಿ ಅಂದ್ರೆ, ಒಬ್ಬ ಮಾರಾಯ ಗ್ರೂಪಿನಲ್ಲಿ ಬರೆದ: "ಮೀನು ತಿನ್ನದ ಮನೆಯವರ ಉಪದೇಶ ನಮಗೆ ಬೇಡ." ನಮ್ಮೂರಲ್ಲಿ ಈ ಮಾತಿಗೆ ಎಷ್ಟು ಮುಳ್ಳಿದೆ ಅಂತ ಎಲ್ಲರಿಗೂ ಗೊತ್ತು. ತಿನ್ನೋರು ತಿನ್ನದೋರು ಅಂತ ಎರಡು ಸಾಲು ಮಾಡಿದ ತಕ್ಷಣ ಕಪ್ಪೆ ವಿಷಯ ಮರೆತುಹೋಗುತ್ತೆ, ಜಾತಿ ವಿಷಯ ಉಳಿಯುತ್ತೆ. ಅದಕ್ಕೇ ಆ ಮಾತು ಎತ್ತೋದು. ಮೀನು ತಿನ್ನೋನೇ ಹೇಳ್ತಾ ಇದ್ದೀನಿ, ಸ್ಪರ್ಧೆಗೆ ಕಪ್ಪೆ ಬೇಡ. ಈಗ ಎಂತ ಮಾಡ್ತೀರಿ?

ಪರಂಪರೆ ಬೇಕು ಅಂದ್ರೆ ನಮ್ಮದೇ ದೊಡ್ಡ ಪರಂಪರೆ ಇದೆಯಲ್ಲ, ಕೆರೆಬೇಟೆ. ಸಿದ್ದಾಪುರ, ಸೊರಬ, ಸಾಗರ ಕಡೆ ಬೇಸಿಗೆಯಲ್ಲಿ ಕೆರೆ ನೀರು ತಳ ಕಂಡಾಗ ಊರಿಗೆ ಊರೇ ಕೂಣಿ ಹಿಡ್ಕೊಂಡು ಒಟ್ಟಿಗೆ ಇಳಿಯುತ್ತೆ. ಕೂಣಿ ಅಂದ್ರೆ ಮೇಲೂ ಕೆಳಗೂ ಬಾಯಿ ಇರೋ ಬಿದಿರಿನ ಬುಟ್ಟಿ. ಕೆಸರಿಗೆ ಒತ್ತೋದು, ಮೇಲಿಂದ ಕೈ ಹಾಕಿ ಒಳಗಿರೋದನ್ನ ಹಿಡಿಯೋದು. 2024ರಲ್ಲಿ ಇದೇ ಹೆಸರಿನ ಸಿನಿಮಾ ಬಂತು, ನೋಡಿರ್ತೀರಿ. ಮಲೆನಾಡಿನ ಅತಿ ದೊಡ್ಡ ಮೀನು ಸ್ಪರ್ಧೆ ಇದೇ ಇರ್ಬೇಕು, ಅದರಲ್ಲಿ ಎರೆ ಅನ್ನೋದೇ ಇಲ್ಲ. ನೂರು ಜನ, ಒಂದೇ ಕೆಸರು, ಒಂದೇ ಥರದ ಕೂಣಿ. ಕೈಯಲ್ಲಿ ಎಷ್ಟು ಚುರುಕಿದೆ ಅನ್ನೋದೇ ಲೆಕ್ಕ.

5/8

ಈ ಭಾಗ ಸ್ಪರ್ಧೆ ನಡೆಸೋರಿಗೆ. ಕಪ್ ಕೊಡ್ತೀರಲ್ಲ, ಎಂತದಕ್ಕೆ ಕೊಡ್ತೀರಿ?

ಜೀವಂತ ಕಪ್ಪೆಯನ್ನ ಜೊಂಡಿನ ಪಕ್ಕ ಬಿಟ್ಟು ಕೂತರೆ ಕೆಲಸ ಮಾಡೋದು ಕಪ್ಪೆ. ನೀವು ಬೀಡಿ ಸೇದ್ತಾ ಕೂತಿರಬಹುದು. ಹಿಂದಿನ ರಾತ್ರಿ ಯಾರು ಜಾಸ್ತಿ ಕಪ್ಪೆ ಹೆಕ್ಕಿದರೋ ಅವರು ಗೆಲ್ತಾರೆ. ಹಾಗಿದ್ರೆ ಕಪ್ಪೆ ಹೆಕ್ಕೋ ಸ್ಪರ್ಧೆ ಅಂತಲೇ ಬ್ಯಾನರ್ ಹಾಕಿ. ವಾಲಿಬಾಲ್ ನೆಟ್ ಒಂದಡಿ ಇಳಿಸಿದ್ರೆ ಎಲ್ಲರೂ ಸ್ಮ್ಯಾಶ್ ಹೊಡೀತಾರೆ. ನಮ್ಮ ಹೊನಲು ಬೆಳಕಿನ ಟೂರ್ನಮೆಂಟ್‌ನಲ್ಲಿ ನೆಟ್ ಎರಡಿಂಚು ಕೆಳಗಿದ್ರೂ ಅಂಪೈರ್ ಕುತ್ತಿಗೆ ಪಟ್ಟಿ ಹಿಡಿಯೋ ನಾವು ಇಲ್ಲಿ ಯಾಕೆ ಸುಮ್ಮನಿರ್ತೀವಿ?

ರಬ್ಬರ್ ಕಪ್ಪೆ ಹಾಕಿ ನೋಡಿ. ಎಲೆ ಮೇಲೆ ಬೀಳಿಸಬೇಕು, ಸದ್ದಾಗಬಾರದು. ಎರಡು ಸೆಕೆಂಡ್ ಬಿಡಬೇಕು. ರಾಡ್ ತುದಿ ಒಂದು ತಟ್ಟಿದರೆ ಅದು ಒಂದು ಹೆಜ್ಜೆ, ಇನ್ನೊಂದು ತಟ್ಟಿದರೆ ಇನ್ನೊಂದು ಹೆಜ್ಜೆ. ಜೋರಾಗಿ ಎಳೆದರೆ ಮೀನು ನಗುತ್ತೆ. ಮೀನು ಹೊಡೆದ ತಕ್ಷಣ ಎಳೆದರೂ ತಪ್ಪು, ಬಾಯಿ ಮುಚ್ಚೋ ಅಷ್ಟು ಹೊತ್ತು ಬಿಡಬೇಕು. ಜಾಸ್ತಿ ಬಿಟ್ಟರೆ ರಬ್ಬರ್ ಅಂತ ಗೊತ್ತಾಗಿ ಉಗಿದುಬಿಡುತ್ತೆ. ಈ ಅರ್ಧ ಕ್ಷಣದ ಆಟಕ್ಕೆ ಕಪ್ ಕೊಡಿ.

ಅಳೆದು ವಾಪಸ್ ಬಿಡ್ತೀವಿ ಅಂತ ಪೋಸ್ಟರಿನಲ್ಲಿ ಬರೆದಿದ್ದೀರಿ, ಒಳ್ಳೇದು. ಆದರೆ ನಿಜವಾದ ತಿಂಡಿಯನ್ನ ಮೀನು ನುಂಗುತ್ತೆ. ಕೊಕ್ಕೆ ಗಂಟಲಿಗೋ ಹೊಟ್ಟೆಗೋ ಹೋಗುತ್ತೆ. ಲೂರ್ ಹೆಚ್ಚಾಗಿ ತುಟಿ, ದವಡೆಯಲ್ಲೇ ಸಿಕ್ಕಿಕೊಳ್ಳುತ್ತೆ. ಗಂಟಲಲ್ಲಿ ಕೊಕ್ಕೆ ಹೊಕ್ಕ ಮೀನು ನೀರಿಗೆ ಬಿಟ್ಟ ಮೇಲೂ ಸಾಯೋದು ಜಾಸ್ತಿ ಅಂತ ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ನೋಡಿದ್ದಾರೆ. ಕ್ಯಾಮೆರಾ ಎದುರು ಈಜಿಕೊಂಡು ಹೋಗಿದ್ದು ನಾಳೆ ಹೊಟ್ಟೆ ಮೇಲಾಗಿ ತೇಲಿದ್ರೆ ಅದರ ರೀಲ್ ಯಾರೂ ಹಾಕಲ್ಲ. ಎರೆಹುಳವನ್ನೂ ಬೇಡ ಅನ್ನೋದು ಇದೇ ಕಾರಣಕ್ಕೆ, ಹುಳದ ಮೇಲಿನ ಮಮತೆಗಲ್ಲ.

ಇದು ನಮ್ಮಲ್ಲಿ ಮಾತ್ರ ಇರೋ ಜಗಳ ಅಂದ್ಕೋಬೇಡಿ. ಅಮೆರಿಕದಲ್ಲಿ ವಾಲ್‌ಐ ಅಂತ ಒಂದು ಮೀನಿದೆ, ಮಿನೆಸೋಟಾ ರಾಜ್ಯದ ರಾಜ್ಯಮೀನು. ಅದನ್ನ ಹಿಡಿಯೋರು ತಲೆತಲಾಂತರದಿಂದ ಜೀವಂತ ಮರಿಮೀನು, ಜಿಗಣೆ, ಎರೆಹುಳ ಹಾಕ್ತಾರೆ. ಜಿಗಣೆ! ನಮ್ಮಲ್ಲಿ ಅದನ್ನ ಕಾಲಿಂದ ಕಿತ್ತು ಎಸೀತೀವಿ, ಅಲ್ಲಿ ದುಡ್ಡು ಕೊಟ್ಟು ತಗೋತಾರೆ. ಅದೇ ದೇಶದಲ್ಲಿ ಬ್ಯಾಸ್ ಮೀನಿನ ಅತಿ ದೊಡ್ಡ ಸ್ಪರ್ಧೆಗಳಲ್ಲಿ ಲೂರ್ ಬಿಟ್ಟು ಬೇರೆ ಹಾಕುವಂತಿಲ್ಲ. ಒಂದೇ ದೇಶದ ಎರಡು ಮೀನಿಗೆ ಎರಡು ನ್ಯಾಯ. ಬ್ಯಾಸ್ ಸ್ಪರ್ಧೆ ನೋಡೋರು ಕಮ್ಮಿಯಾದ್ರಾ? ಇಲ್ಲ. ಅಲ್ಲಿ ಲಕ್ಷಾಂತರ ಡಾಲರ್ ಬಹುಮಾನವೂ ಇದೆ. ಇನ್ನು ನಾರ್ವೆ, ಸ್ಕಾಟ್ಲೆಂಡ್ ಕಡೆ ಜೀವಂತ ಮೀನನ್ನ ಎರೆಯಾಗಿ ಹಾಕೋದೇ ಕಾನೂನಿಗೆ ವಿರುದ್ಧ.

6/8

"ಲೂರ್ ಅಂದ್ರೆ ದುಡ್ಡಿದ್ದವರ ಆಟ. ಕಪ್ಪೆ ಪುಕ್ಕಟೆ."

ಎಲ್ಲಕ್ಕಿಂತ ಗಟ್ಟಿಯಾದ ಮಾತು ಇದು. ಯಲ್ಲಾಪುರದ ಹಳ್ಳಿಯಿಂದ ಬಸ್ಸಿಗೆ ದುಡ್ಡು ಹೊಂದಿಸಿಕೊಂಡು ಬರೋ ಹುಡುಗನಿಗೆ ಜಪಾನಿ ಲೂರ್ ತಗೋ ಅನ್ನೋಕೆ ನನಗೂ ಬಾಯಿಲ್ಲ.

ಆದರೆ ಒಂದು ಲೂರ್ ಹುಟ್ಟಿದ ಕತೆ ಕೇಳಿ. ರಾಪಾಲಾ ಅಂತ ಬ್ರ್ಯಾಂಡ್ ಇದೆಯಲ್ಲ, ಅಂಗಡಿ ಗಾಜಿನೊಳಗೆ ಇಟ್ಟಿರ್ತಾರಲ್ಲ, ಅದು ಒಬ್ಬ ಮನುಷ್ಯನ ಹೆಸರು. ಲೌರಿ ರಾಪಾಲಾ, ಫಿನ್ಲೆಂಡಿನ ಬಡ ಮೀನುಗಾರ. ಸಾಲು ಸಾಲು ಕೊಕ್ಕೆಗೆ ಎರೆ ಸಿಕ್ಕಿಸೋದರಲ್ಲೇ ಅವನ ದಿನ ಕಳೀತಿತ್ತು. ಮರಿಮೀನಿನ ಹಿಂಡಿನಲ್ಲಿ ಯಾವುದು ಕುಂಟ್ತಾ ಓಲಾಡ್ತಾ ಈಜುತ್ತೋ ಅದರ ಮೇಲೇ ದೊಡ್ಡ ಮೀನು ಬೀಳೋದನ್ನ ದೋಣಿಯಿಂದ ನೋಡಿ ನೋಡಿ, 1936ರಲ್ಲಿ ಕಾರ್ಕ್ ತುಂಡು ಕೆತ್ತಿದ. ಚಾಕೊಲೇಟ್ ಸುತ್ತಿದ ತಗಡಿನ ಹಾಳೆ ಅಂಟಿಸಿದ. ನೀರು ಹೊಗದ ಹಾಗೆ ಹಳೆ ಫೋಟೊ ನೆಗೆಟಿವ್ ಕರಗಿಸಿ ಬಳಿದ. ಮನೆಯಲ್ಲಿ ಬಿದ್ದಿದ್ದ ಕಸದಿಂದ ಹುಟ್ಟಿದ ವಸ್ತು ಅದು. ದುಡ್ಡಿದ್ದವರ ಕೈಗೆ ಆಮೇಲೆ ಹೋಯ್ತು.

ನಮ್ಮ ಮನೆಯಲ್ಲಿ ಕಾರ್ಕ್ ಇಲ್ಲ, ಹವಾಯಿ ಚಪ್ಪಲಿ ಇದೆ. ಮೂರನೇ ಫೋಟೊ ನೋಡಿ. ಹಿಮ್ಮಡಿ ಭಾಗದಿಂದ ಹೆಬ್ಬೆರಳು ಗಾತ್ರದ ತುಂಡು ಕತ್ತರಿಸಿ. ಮುಂದೆ ಸ್ವಲ್ಪ ಚೂಪು, ಹೊಟ್ಟೆ ದಪ್ಪ. ನಡುವೆ ಕಾಯಿಸಿದ ತಂತಿ ತೂರಿಸಿ ತೂತು ಮಾಡಿ. ಜೋಡಿ ಕೊಕ್ಕೆಯ ಮೊನೆ ಎರಡೂ ಮೇಲಕ್ಕೆ ಬರೋ ಹಾಗೆ, ಬೆನ್ನಿಗೆ ಅಂಟಿಕೊಂಡಿರೋ ಹಾಗೆ ಕೂರಿಸಿ. ಆಗ ಜೊಂಡಿಗೆ ಸಿಕ್ಕಲ್ಲ. ಕಾಲಿಗೆ ಹಳೆ ಗೊಬ್ಬರ ಚೀಲದ ದಾರ, ಎಳೆ ಬಿಡಿಸಿ ಕಟ್ಟಿದರೆ ನೀರಲ್ಲಿ ಒದ್ದ ಹಾಗೆ ಕಾಣುತ್ತೆ. ಕಪ್ಪು ಚಪ್ಪಲಿಯಾದ್ರೆ ಬಣ್ಣವೂ ಬೇಡ. ಖರ್ಚು ಕೊಕ್ಕೆಯದ್ದು ಮಾತ್ರ, ಕೊಕ್ಕೆ ಕಪ್ಪೆಗೂ ಬೇಕಿತ್ತಲ್ಲ.

7/8

ಇನ್ನು ಮರಿಮೀನು. ಕಪ್ಪೆ ಬೇಡ ಅಂದ್ರೆ ಮರಿಮೀನು ಹಾಕ್ತೀವಿ ಅಂದ್ರು ಕೆಲವರು. ನನಗೆ ಕಪ್ಪೆಗಿಂತ ಹೆಚ್ಚು ಹೆದರಿಕೆ ಇದಕ್ಕೆ.

ಬಕೆಟ್ಟಿನಲ್ಲಿ ಒಂದು ಕೆರೆಯ ಮರಿ ತಂದು ಇನ್ನೊಂದು ಕೆರೆಯಲ್ಲಿ ಗಾಳಕ್ಕೆ ಹಾಕ್ತೀರಿ. ಸಂಜೆ ಉಳಿದದ್ದನ್ನ ಪಾಪ ಅಂತ ಅಲ್ಲೇ ಸುರೀತೀರಿ. ಆ ಪಾಪವೇ ಪಾಪ. ಮರಿಯಲ್ಲಿ ಯಾವುದು ಊರ ಮೀನು, ಯಾವುದು ಜಿಲೇಬಿ, ಯಾವುದು ಆಫ್ರಿಕನ್ ಕ್ಯಾಟ್‌ಫಿಶ್ ಅಂತ ಗುರುತು ಹಿಡಿಯೋರು ನಮ್ಮಲ್ಲಿ ಎಷ್ಟು ಜನ? ಜಿಲೇಬಿ ಅಂದ್ರೆ ತಿಲಾಪಿಯಾ, ಆಫ್ರಿಕಾ ಮೂಲದ ಮೀನು, 1952ರಲ್ಲಿ ಭಾರತಕ್ಕೆ ತಂದಿದ್ದು. ತಾಯಿ ಬಾಯೊಳಗೇ ಮರಿ ಸಾಕುತ್ತೆ. ಒಮ್ಮೆ ಹೊಕ್ಕರೆ ಕೆರೆ ಅದರದ್ದೇ.

ಒಂದು ಮೀನನ್ನ ಇನ್ನೊಂದು ನೀರಿಗೆ ತಂದರೆ ಏನಾಗುತ್ತೆ ಅಂತ ಕಾವೇರಿ ತೋರಿಸಿದೆ. ಗಾಳದವರ ಕನಸಿನ ಮೀನು ಅದು, ಬೆನ್ನು ಉಬ್ಬಿದ ಕಿತ್ತಳೆ ರೆಕ್ಕೆಯ ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದ ಒಬ್ಬರು 120 ಪೌಂಡಿನದ್ದನ್ನ ಹಿಡಿದಿದ್ದರು. ಆಮೇಲೆ ಮೀನು ಕಮ್ಮಿಯಾಗ್ತಿದೆ ಅಂತ ಒಳ್ಳೆ ಮನಸ್ಸಿನಿಂದಲೇ ಹೊರಗಿನ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನ ತಂದು ಬಿಟ್ಟರು. ನೀಲಿ ರೆಕ್ಕೆ ತುಂಬಿಕೊಂಡಿತು, ಕಿತ್ತಳೆ ರೆಕ್ಕೆ ಮೂಲೆಗೆ ಸರೀತು. 2018ರಲ್ಲಿ ಅದು ಅಳಿವಿನ ತೀರಾ ಅಂಚಿನಲ್ಲಿರೋ ಮೀನುಗಳ ಪಟ್ಟಿಗೆ ಸೇರಿತು. ಒಳ್ಳೆ ಮನಸ್ಸಿದ್ದವರ ಕೈಯಲ್ಲೇ ಹಾಗಾಯ್ತು. ನಮ್ಮದು ಬರೀ ಕಪ್‌ನ ಆಸೆ.

ಎರೆಹುಳವೂ ಸುಮ್ಮನಲ್ಲ. ಮಿನೆಸೋಟಾದ ಕಾಡುಗಳಲ್ಲಿ ಹಿಮಯುಗದ ನಂತರ ಎರೆಹುಳವೇ ಇರಲಿಲ್ಲ. ಗಾಳದವರು ಮಿಕ್ಕ ಹುಳ ಚೆಲ್ಲಿ ಚೆಲ್ಲಿ ಹಬ್ಬಿಸಿದ್ದೂ ಒಂದು ಕಾರಣವಾಗಿ ಅಲ್ಲಿನ ಕಾಡಿನ ತರಗೆಲೆ ಹಾಸೇ ಕರಗ್ತಾ ಇದೆ. ನಮ್ಮ ಮಣ್ಣಲ್ಲಿ ಎರೆಹುಳ ಇದ್ದೇ ಇದೆ, ಆ ಭಯ ನಮಗಿಲ್ಲ. ಕಪ್ಪೆಯನ್ನ ಊರಿಂದ ಊರಿಗೆ ಒಯ್ಯೋದರಲ್ಲಿ ಮಾತ್ರ ಇದೆ. ಕಪ್ಪೆಗಳ ಚರ್ಮಕ್ಕೆ ಹತ್ತೋ ಒಂದು ಶಿಲೀಂಧ್ರ ಜಗತ್ತಿನ ಎಷ್ಟೋ ಕಡೆ ಪ್ರಭೇದಗಳನ್ನೇ ಒರೆಸಿ ಹಾಕಿದೆ. ಪಶ್ಚಿಮ ಘಟ್ಟದ ಕಪ್ಪೆಗಳಲ್ಲೂ ಅದು ಪತ್ತೆಯಾಗಿದೆ. ಬನವಾಸಿ ಕಡೆಯ ಗದ್ದೆ ಕಪ್ಪೆಯನ್ನ ಬಾಟಲಿಯಲ್ಲಿ ತುಂಬಿ ಅಘನಾಶಿನಿಯ ಹಳ್ಳಕ್ಕೆ ತರೋನು, ಉಳಿದದ್ದನ್ನ ಅಲ್ಲೇ ಬಿಡೋನು, ಇದನ್ನ ಒಮ್ಮೆ ಯೋಚಿಸಲಿ.

8/8

ಲೂರ್ ಹಾಕೋರೂ ದೇವರಲ್ಲ. ಅವರಿಗೂ ಎರಡು ಮಾತು, ಇಲ್ಲದಿದ್ರೆ ಇದು ಒಂದು ಕಡೆಯ ಪಂಚಾಯ್ತಿ ಆಗುತ್ತೆ.

ಮುರೆಲ್ ಮರಿ ಮಾಡಿದಾಗ ನೀರಿನ ಮೇಲೆ ಕೆಂಪಗೆ ಮರಿಗಳ ಗುಂಪು ಕುದಿಯೋ ಹಾಗೆ ತಿರುಗ್ತಿರುತ್ತೆ. ಕೆಳಗೆ ಅಪ್ಪ ಅಮ್ಮ ಕಾವಲು. ಆ ಗುಂಪಿನ ನಡುವೆ ಲೂರ್ ಬೀಳಿಸಿದರೆ ದೊಡ್ಡದು ಹೊಡೆದೇ ಹೊಡೆಯುತ್ತೆ. ಹಸಿವಿಗಲ್ಲ, ಮರಿ ಉಳಿಸೋಕೆ. ಹಾಗೆ ಹಿಡಿದು ಎದೆ ಉಬ್ಬಿಸಿ ಫೋಟೊ ಹಾಕೋ "ಪ್ರೊ ಆಂಗ್ಲರ್"ಗಳು ನಮ್ಮಲ್ಲೂ ಇದ್ದಾರೆ. ನೀವು ಮೀನು ದಡದಲ್ಲಿಟ್ಟು ಸೆಲ್ಫಿ ತೆಗೆಯೋ ಅಷ್ಟರಲ್ಲಿ ಬೇರೆ ಮೀನು ಬಂದು ಮರಿಗಳನ್ನ ಮುಗಿಸಿರುತ್ತೆ. ಕರಾವಳಿಯ ಯಾಂತ್ರಿಕ ದೋಣಿಗಳೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದಡದಲ್ಲಿ ನಿಲ್ತವೆ. ಅವರಿಗೆ ಹೊಟ್ಟೆಪಾಡು, ನಮಗೆ ಭಾನುವಾರದ ಮೋಜು. ನಮಗೆ ನಿಲ್ಲೋಕೆ ಏನು ಕಷ್ಟ?

ರಬ್ಬರ್, ಪ್ಲಾಸ್ಟಿಕ್ ಕೆರೆಯಲ್ಲಿ ಉಳಿಯುತ್ತೆ ಅನ್ನೋ ಆರೋಪ ನಿಜ. ಚಪ್ಪಲಿ ತುಂಡು ತೇಲುತ್ತೆ, ಹೆಕ್ಕಬಹುದು. ತುಂಡಾದ ತಂಗೂಸಿ ಹೆಕ್ಕೋದು ಕಷ್ಟ, ಅದು ಎರೆ ಹಾಕೋರದ್ದೂ ಹೌದು, ನಮ್ಮದೂ ಹೌದು. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ದಪ್ಪ ದಾರ ಹಾಕಿ, ಸಿಕ್ಕಿಕೊಂಡರೆ ನೀರಿಗಿಳಿದು ಬಿಡಿಸಿ, ಅಷ್ಟು ಹೇಳಬಲ್ಲೆ.

"ಗಾಳ ಹಾಕಿದ್ರೆ ಮೀನಿಗೂ ನೋವೇ, ಹಾಗಾದ್ರೆ ಗಾಳವೇ ಬಿಡಿ" ಅಂತ ಗಾಳ ಹಿಡಿಯದವರು ಹೇಳಿದ್ರೆ ತಲೆ ತಗ್ಗಿಸಿ ಕೇಳ್ತೀನಿ. ಬಾಟಲಿ ತುಂಬ ಕಪ್ಪೆ ಹಿಡ್ಕೊಂಡು ನಿಂತವನು ಹೇಳಿದ್ರೆ ಕೇಳಲ್ಲ.

ಗ್ರೂಪಿಗೆ ನಾನು ಕಳಿಸ್ತಾ ಇರೋ ನಿಯಮದ ಕರಡು: ಲೂರ್ ಮಾತ್ರ. ಕೊಕ್ಕೆಯ ಹಿಮ್ಮುಳ್ಳು ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿರಬೇಕು. ತೂಕ ಬೇಡ, ಉದ್ದ ಸಾಕು, ಒದ್ದೆ ಹಲಗೆ ಮೇಲೆ ಅಳೆದು ಫೋಟೊ ತೆಗೆದು ನೀರಿಗೆ ಬಿಡೋದು. ಮರಿಗುಂಪಿನ ಮೇಲೆ ಲೂರ್ ಹಾಕಿದವರು ಔಟ್. ಕೈಯಿಂದ ಮಾಡಿದ ಲೂರ್‌ನಲ್ಲಿ ಹಿಡಿದ ಅತಿ ಉದ್ದದ ಮೀನಿಗೆ ಬೇರೆಯೇ ಒಂದು ಬಹುಮಾನ, ಅದರ ದುಡ್ಡು ನಾನು ಹಾಕ್ತೀನಿ.

ಒಪ್ಪೋರು, ಒಪ್ಪದೋರು ಇಬ್ಬರೂ ಕಮೆಂಟ್‌ನಲ್ಲಿ ಬರೀರಿ. ಶನಿವಾರ ರಾತ್ರಿ ಗ್ರೂಪಿನಲ್ಲಿ ವೋಟ್ ಇದೆ. ಭಾನುವಾರ ಮಧ್ಯಾಹ್ನ ನಮ್ಮ ಮನೆ ಜಗಲಿಯಲ್ಲಿ ಲೂರ್ ಮಾಡೋಣ. ಕತ್ತರಿ, ತಂತಿ ಇಲ್ಲಿದೆ. ಹಳೆ ಹವಾಯಿ ಚಪ್ಪಲಿ ನೀವು ತನ್ನಿ, ಜೋಡಿ ಇಲ್ಲದಿದ್ರೂ ನಡೆಯುತ್ತೆ.

#ಕಪ್‌ಗಾಗಿಕಪ್ಪೆಬೇಡ #ಗಾಳ #ಲೂರ್ #ಶಿರಸಿ #ಸಿದ್ದಾಪುರ #ಯಲ್ಲಾಪುರ